ನೆಗಡಿ ಬಂತಂತ ಗಾಡಿ ಮೂಗು ಕೊಯ್ಯಬ್ಯಾಡ್ರಿ

ಅಕ್ಕಾರ, ವೈನಿಗೋಳ, ಈ ಸಲ ಅಡಗಿಮನಿ ಬಿಟ್ಟು ಗಾಡಿ ಸುದ್ದಿ ಹೇಳ್ತೀನಿ. "ಕಾರಿನ ಉಸಾಬರಿ ನಮಗ್ಯಾಕ" ಅನಬ್ಯಾಡ್ರಿ. ನಮ್ಮ ಓಣ್ಯಾಗ ಈಗ ಅರ್ಧಕ್ಕರ್ಧ ಮನಿ ಹೆಣ್ಮಕ್ಕಳು ಗಾಡಿ ಹೊಡೀತಾರ. ಮಕ್ಕಳ ಸಾಲಿ, ಅತ್ತಿಯವರ ದವಾಖಾನಿ, ಲಗ್ನದ ಜವಳಿ, ಊರಿಂದ ಬಂದವರನ್ನ ಸ್ಟೇಷನ್ನಿಗೆ ಬಿಡೋದು, ಎಲ್ಲಾ ನಮ್ಮ ಪಾಲಿಗೆ ಬಂದದ. ಗಾಡಿ ನಡು ರಸ್ತೆದಾಗ ಬಂದ್ ಬಿದ್ರ ಹಿಂದಿನ ಮಂದಿ ಕಡೆ ಬೈಸ್ಕೊಳ್ಳೋರೂ ನಾವ.

ಗಾಡಿ ಬಂದ್ ಬಿದ್ದಾಗ ನಮ್ಮ ಮಂದಿ ಹತ್ರ ಎರಡು ತೀರ್ಪು ತಯಾರ ಇರ್ತಾವ. ಸ್ಟೇರಿಂಗ್ ಮುಂದ ಹೆಣ್ಮಗಳು ಕೂತಿದ್ರ, "ಇಕಿಗೆ ಕ್ಲಚ್ ಬಿಡ್ಲಿಕ್ಕೆ ಬರಂಗಿಲ್ಲ." ಗಂಡಸು ಕೂತಿದ್ರ, "ಯಾವುದೋ ಪಾರ್ಟ್ ಹೋಗೇದ, ಹೊಸಾದು ಹಾಕಸಬೇಕು." ಈ ಎರಡೂ ತೀರ್ಪು ಬಾನೆಟ್ ಎತ್ತೋಕಿಂತ ಮೊದಲ ಬಂದಿರ್ತಾವ. ನನ್ನ ಮಾತು ಇಷ್ಟ: ಪೆಟ್ರೋಲ್ ಗಾಡಿ ನಿಂತಲ್ಲೆ, ಆಕ್ಸಿಲರೇಟರ್ ಮ್ಯಾಲಿನ ಕಾಲು ತಗದ ಕೂಡ್ಲೆ, ಮ್ಯಾಲಿಂದ ಮ್ಯಾಲೆ ಬಂದ್ ಬೀಳ್ಲಿಕ್ಕೆ ಹತ್ತಿದ್ರ, ಹೆಣ್ಮಗಳ ಕಾಲಿಗೂ ತಪ್ಪು ಹೊರಸಬ್ಯಾಡ್ರಿ, ಸಾವಿರಗಟ್ಟಲೆ ಕೊಟ್ಟು ಪಾರ್ಟೂ ತರಬ್ಯಾಡ್ರಿ. ಮೊದಲ ನೋಡ್ರಿ, ಆಮ್ಯಾಲೆ ಒರಸ್ರಿ, ಅದಕ್ಕೂ ಬಗ್ಗಲಿಲ್ಲಂದ್ರ ಬದಲಿ ಮಾಡೋ ಮಾತು. ನೋಡಬೇಕಾದ ಜಾಗಾ, ಒರಸಬೇಕಾದ ಜಾಗಾ ಯಾವುದಂದ್ರ ಥ್ರಾಟಲ್ ಬಾಡಿ.

ನಾನೇನು ಇಂಜಿನಿಯರಿಂಗ್ ಕಲತಾಕಿ ಅಲ್ಲ, ಪಿಯುಸಿಗೆ ನಿಂತಾಕಿ. ಆದರ ನಮ್ಮ ತವರಮನಿ ಪಡಸಾಲಿಗೆ ಹತ್ತಿ ಅಪ್ಪನ ಗ್ಯಾರೇಜ್ ಇತ್ತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಆಮ್ಯಾಲೆ ಮಾರುತಿ 800, ಇವುಗಳ ಪಾನಾ ಕೊಡಕೋತ ಬೆಳೆದಾಕಿ ನಾ. ಆವಾಗ ಗಾಡಿಗೆ ಕಾರ್ಬ್ಯುರೇಟರ್ ಇರ್ತಿತ್ತು. "ನಿಂತಲ್ಲೆ ಬಂದ್ ಬೀಳ್ತದ" ಅಂತ ಯಾರರ ಬಂದ್ರ ಅಪ್ಪ ಮೊದಲ ಅದನ್ನ ಬಿಚ್ಚಿ ತೊಳದು, ಜೆಟ್ಟಿನ ಸಣ್ಣ ತೂತಿನ್ಯಾಗ ಊದಿ, ಒರಸಿ ಕೂಡಸ್ತಿದ್ದ. ಹೊಸಾದು ಹಾಕೋ ಮಾತು ಕಡೀಕ. ಈಗಿನ ಗಾಡಿಗೆ ಕಾರ್ಬ್ಯುರೇಟರ್ ಇಲ್ಲ. ಪೆಟ್ರೋಲನ್ನ ಇಂಜೆಕ್ಟರ್ ಸಿಂಪಡಸ್ತದ, ಎಷ್ಟು ಸಿಂಪಡಸಬೇಕು ಅನ್ನೋದನ್ನ ಒಂದು ಸಣ್ಣ ಕಂಪ್ಯೂಟರ್ ಹೇಳ್ತದ. ಆದರ ಗಾಳಿ ಒಳಗ ಹೋಗೋ ಬಾಗಲಾ ಮಾತ್ರ ಹಂಗ ಉಳದದ. ಆ ಬಾಗಲಾನ ಥ್ರಾಟಲ್ ಬಾಡಿ.

ಏರ್ ಫಿಲ್ಟರ್ ದಾಟಿ ಬಂದ ಗಾಳಿ ಒಂದು ದಪ್ಪ ಕೊಳವಿಯೊಳಗ ಇಂಜಿನ್ನಿಗೆ ಹೋಗ್ತದ. ಆ ದಾರಿ ಮ್ಯಾಲೆ ಒಂದು ಅಲ್ಯೂಮಿನಿಯಂ ಕಂಠ, ಅದರ ನಡುವ ದೊಡ್ಡ ರೂಪಾಯಿ ಗಾತ್ರಕಿಂತ ಒಂದಿಷ್ಟು ಅಗಲ ಇರೋ ಒಂದು ಗುಂಡನ ತಟ್ಟಿ. ಆಕ್ಸಿಲರೇಟರ್ ಒತ್ತಿದ್ರ ತಟ್ಟಿ ತಿರುಗಿ ಬಾಗಲಾ ತಗೀತದ, ಕಾಲು ತಗದ್ರ ಮುಚ್ಚತದ. ಹಳೇ ಗಾಡಿಗೆ ಇದನ್ನ ಎಳಿಯೋದು ಕೇಬಲ್, ಹೊಸಾ ಗಾಡಿಗೆ ಸಣ್ಣ ಮೋಟರ್. ನೀವು ಸಿಗ್ನಲ್‌ನ್ಯಾಗ ಕಾಲು ತಗದು ನಿಂತಿರಿ ಅನ್ರಿ. ಆವಾಗ ತಟ್ಟಿ ಹೆಚ್ಚು ಕಡಿಮಿ ಪೂರ್ತಿ ಮುಚ್ಚಿರ್ತದ. ಅಂಚಿನ ಸುತ್ತ ಕೂದಲೆಳಿಯಷ್ಟು ಸಂದಿ, ಇಲ್ಲಾ ಪಕ್ಕದಾಗಿನ ಒಂದು ಸಣ್ಣ ದಾರಿ, ಅಷ್ಟರಿಂದ ಬರೋ ಗಾಳಿ ಮ್ಯಾಲೆ ಇಂಜಿನ್ ಜೀವ ಹಿಡಕೊಂಡಿರ್ತದ. ಇದಕ್ಕ ಐಡಲ್ ಅಂತಾರ. ಬಿಸಿ ಆದ ಸಣ್ಣ ಪೆಟ್ರೋಲ್ ಗಾಡಿ ಐಡಲ್‌ನ್ಯಾಗ ನಿಮಿಷಕ್ಕ ಸುಮಾರು 700 ರಿಂದ 900 ಸುತ್ತು ತಿರಗತದ. ಡ್ಯಾಶ್‌ಬೋರ್ಡಿನ್ಯಾಗ ಆರ್‌ಪಿಎಂ ಮುಳ್ಳು ಇದ್ರ ನೀವು ಕಣ್ಣಾರೆ ನೋಡಬಹುದು.

ಈಗ ಆ ಸಂದಿಯೊಳಗ ಮಸಿ ಕೂತ್ರ? ಇಂಜಿನ್ ಒಳಗಿನ ಆಯಿಲ್ ಉಗಿ ವಾಪಸ್ ಗಾಳಿ ದಾರಿಗೆ ಬರೋ ಹಂಗ ಒಂದು ಕೊಳವಿ ಇಟ್ಟಿರ್ತಾರ, ಹೊಲಸು ಹೊಗಿ ಹೊರಗ ಬಿಡಬಾರದು ಅಂತ. ಆ ಜಿಡ್ಡು ಉಗಿ ಬಂದು ತಟ್ಟಿ ಅಂಚಿಗೆ ಹತ್ತತದ. ಅದರ ಮ್ಯಾಲೆ ಫಿಲ್ಟರ್ ತಪ್ಪಿಸಿ ಬಂದ ನುಣ್ಣನ ಧೂಳು. ನಮ್ಮ ಕಡೆ ಎರಿ ಮಣ್ಣಿನ ಧೂಳು ನಿಮಗ ಹೇಳಬೇಕಾ? ಮುಂಜಾನೆ ಒರಸಿದ ಕಿಟಕಿ ಸಂಜಿಗೆ ಕರ್ರಗ. ಅಡಗಿಮನಿ ಎಕ್ಸಾಸ್ಟ್ ಫ್ಯಾನಿನ ರೆಕ್ಕಿ ನೋಡ್ರಿ, ಎಣ್ಣಿ ಉಗಿ, ಮ್ಯಾಲೆ ಧೂಳು, ಕಡೀಕ ಅಂಟಂಟ ಕರಿ. ಥ್ರಾಟಲ್ ತಟ್ಟಿ ಮ್ಯಾಲೂ ಅದ ಕರಿ.

ಇದು ಒಂದ ದಿವಸಕ್ಕ ಆಗೋದಲ್ಲ. ಸಾವಿರಾರು ಕಿಲೋಮೀಟರ್ ಓಡಿದ ಮ್ಯಾಲೆ ಆಗೋದು. ಅಲ್ಲೀ ತನಕ ಕಂಪ್ಯೂಟರ್ ಸುಮ್ಮನ ಕೂತಿರಂಗಿಲ್ಲ. ಗಾಳಿ ಕಡಿಮಿ ಆತು ಅಂತ ತಟ್ಟಿನ ಒಂಚೂರು ಹೆಚ್ಚಿಗೆ ತಗದು ಹೊಂದಿಸಿಕೋತ ಹೋಗ್ತದ, ಥೇಟ್ ನಾವು ಹೊಂದಿಸಿಕೋತ ಹೋದಂಗ. ಒಂದು ದಿವಸ ಹೊಂದಿಸಿ ಹೊಂದಿಸಿ ಸಾಕಾಗ್ತದ. ಆವತ್ತಿಂದ ಕಾಲು ತಗದ ಕೂಡ್ಲೆ ಮುಳ್ಳು ಧಪ್ಪನ ಕೆಳಗ ಬೀಳ್ತದ, ಗಾಡಿ ನಡಗತದ, ಬಂದ್ ಬೀಳ್ತದ. ಎ.ಸಿ. ಹಚ್ಚಿದ್ರಂತೂ ಮುಗದ ಹೋತು, ಯಾಕಂದ್ರ ಎ.ಸಿ. ಕಂಪ್ರೆಸರ್ ಅನ್ನ ತಿರಗಸ್ಲಿಕ್ಕೆ ಇಂಜಿನ್ನಿಗೆ ಇನ್ನೂ ಹೆಚ್ಚಿನ ಉಸಿರು ಬೇಕು. ಮೂಗು ಕಟ್ಟಿದಾಕಿಗೆ ತಲಿ ಮ್ಯಾಲೆ ಕೊಡ ಹೊರಸಿದಂಗ.

ಹಂಗಾರ ಇದು ಕಾಲಿನ ತಪ್ಪೋ, ಗಾಡಿ ಮೂಗಿನ ತಪ್ಪೋ, ಕಂಡು ಹಿಡಿಯೋದು ಹೆಂಗ? ಇದಕ್ಕ ಗ್ಯಾರೇಜ್ ಬ್ಯಾಡ, ಒಂದಿಷ್ಟು ಲಕ್ಷ್ಯ ಕೊಟ್ಟು ನೋಡಿದ್ರ ಸಾಕು. ಗಾಡಿ ಎತ್ತೋ ಮುಂದ, ಒಂದನೇ ಗೇರಿನ್ಯಾಗ ಕ್ಲಚ್ ಬಿಡೋ ಹೊತ್ತಿಗೆ, ಧಡಕ್ಕನ ಜಗ್ಗಿ ಬಂದ್ ಬಿದ್ರ ಅದು ಕಾಲಿಂದ ಇರಬಹುದು. ಆದರ ಕ್ಲಚ್ ಪೂರ್ತಿ ಒತ್ತಿ ಹಿಡದಾಗ, ಇಲ್ಲಾ ಗೇರ್ ನ್ಯೂಟ್ರಲ್‌ನ್ಯಾಗ ಇದ್ದಾಗ ಬಂದ್ ಬಿದ್ರ, ನಿಮ್ಮ ಕಾಲಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಆ ಹೊತ್ತಿನ್ಯಾಗ ಇಂಜಿನ್ನಿಗೂ ಗಾಲಿಗೂ ಇರೋ ಸಂಬಂಧನ ಕಡದಿರ್ತದ. ಐವತ್ತು ವರ್ಷ ಗಾಡಿ ಹೊಡದ ಡ್ರೈವರ್ ಕೂತಿದ್ರೂ ಅದು ಬಂದ್ ಬೀಳೋದ. ಈ ಒಂದು ಮಾತು ನೆನಪಿಟ್ಟುಕೊಳ್ರಿ. "ನಿಂಗ ಕ್ಲಚ್ ಬರಂಗಿಲ್ಲ" ಅಂದವರಿಗೆ ನ್ಯೂಟ್ರಲ್ ಹಾಕಿ, ಹ್ಯಾಂಡ್‌ಬ್ರೇಕ್ ಎಳದು, ಎ.ಸಿ. ಹಚ್ಚಿ, "ಈಗ ನೀವ ನೋಡ್ರಿ" ಅನ್ರಿ. ಐಡಲ್ ಕೆಟ್ಟಿದ್ರ ಗಾಡಿನ ಸಾಕ್ಷಿ ಹೇಳ್ತದ.

ಇನ್ನೊಂದು ಮಾತು. ಹೊಸಾ ಗಾಡಿಯೊಳಗ ಪೆಟ್ರೋಲ್ ಉಳಸ್ಲಿಕ್ಕೆ ಸಿಗ್ನಲ್‌ನ್ಯಾಗ ತಾನ ಬಂದ್ ಆಗಿ, ಕ್ಲಚ್ ಒತ್ತಿದ್ರ ತಾನ ಚಾಲೂ ಆಗೋ ವ್ಯವಸ್ಥಾ ಕೊಟ್ಟಿರ್ತಾರ. ಅದಕ್ಕ ಡ್ಯಾಶ್‌ಬೋರ್ಡಿನ್ಯಾಗ ಒಂದು ಗುರ್ತು ಹತ್ತತದ. ಅದು ರೋಗ ಅಲ್ಲ. ಬ್ಯಾಡಾದ್ರ ಬಂದ್ ಮಾಡೋ ಬಟನ್ ಇರ್ತದ.

ನಮ್ಮ ಓಣಿ ಕೊನೀಮನಿ ವೈನಿ ಕಥಿ ಹೇಳ್ತೀನಿ, ಅವರು ಹೇಳು ಅಂದದ್ದಕ್ಕ ಹೇಳಲಿಕ್ಕೆ ಹತ್ತೇನಿ. ಅವರ ಅತ್ತಿಯವರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್. ಧಾರವಾಡದಿಂದ ಹುಬ್ಬಳ್ಳಿಗೆ ವೈನಿನ ಕರಕೊಂಡು ಹೋಗ್ತಿದ್ರು. ಗಾಡಿ ಚೆನ್ನಮ್ಮ ಸರ್ಕಲ್ಲಿಗೆ ಬರೋದಕ್ಕ, ಎ.ಸಿ. ಹಚ್ಚಿದ್ದಕ್ಕ, ಬಂದ್. ಹಿಂದ ಬಸ್ಸು, ಟಂಟಂ, ಎಲ್ಲಾರದೂ ಹಾರ್ನ್. ಮನ್ಯಾಗ ಏನ್ ಅಂದ್ರು? ಕ್ಲಚ್. ಹನ್ನೆರಡು ವರ್ಷ ಗಾಡಿ ಹೊಡದಾಕಿನ್ನ ಮತ್ತ ಹತ್ತು ದಿವಸ ಡ್ರೈವಿಂಗ್ ಕ್ಲಾಸಿಗೆ ಕಳಿಸಿದ್ರು ನೋಡ್ರಿ! ಕ್ಲಾಸಿನವರ ಗಾಡ್ಯಾಗ ಒಂದ ಸಲಾನೂ ಬಂದ್ ಬೀಳಲಿಲ್ಲ, ವಾಪಸ್ ತಮ್ಮ ಗಾಡಿ ಹತ್ತಿದ್ರ ಮತ್ತ ಅದ ರಾಗ. ಕಡೀಕ ವೈನಿ ಗಾಡಿ ಮುಟ್ಟೋದ ಬಿಟ್ಟರು. ಹೋಗಿ ಬರ್ಲಿಕ್ಕೆ ಬಾಡಗಿ ಗಾಡಿ. ಅದಕಿಂತ ಹೆಚ್ಚಿಗೆ ಅಂದ್ರ, ಡಯಾಲಿಸಿಸ್ ಮುಗಿಸಿ ಸೋತು ಸಣ್ಣಾದ ಅತ್ತಿ ಬಾಗಲದಾಗ ಬಾಡಗಿ ಗಾಡಿ ಹಾದಿ ಕಾಯೋದು.

ಆಮ್ಯಾಲೆ ಒಂದು ಗ್ಯಾರೇಜಿಗೆ ಒಯ್ದ್ರು. ಅಲ್ಲೆ ಇದ್ದವ ಬಾನೆಟ್ ತಗದು, ಕೊಳವಿ ಸುದ್ದಾ ಬಿಚ್ಚದ, "ಥ್ರಾಟಲ್ ಅಸೆಂಬ್ಲಿ ಹೋಗೇದ, 14,000 ಆಗ್ತದ, ಸಾಹೇಬರಿಗೆ ಫೋನ್ ಹಚ್ಚಿ ಕೊಡ್ರಿ" ಅಂದ. ವೈನಿ ನನ್ನ ಕರದ್ರು. ನಾ ಹೋಗಿ ಕೇಳಿದ್ದು ಎರಡ ಮಾತು. ನ್ಯೂಟ್ರಲ್‌ನ್ಯಾಗ ಇಟ್ಟು ನೋಡೀರೇನು? ಕೊಳವಿ ಬಿಚ್ಚಿ ತಟ್ಟಿ ತೋರಸ್ತೀರೇನು? ನ್ಯೂಟ್ರಲ್‌ನ್ಯಾಗ ಎ.ಸಿ. ಹಚ್ಚಿದ ಕೂಡ್ಲೆ ಮುಳ್ಳು ಐನೂರಕ್ಕ ಬಿದ್ದು ಗಡಗಡ ನಡಗಿ ಗಾಡಿ ಬಂದ್. ಕೊಳವಿ ಬಿಚ್ಚಿ ಬ್ಯಾಟರಿ ಹಿಡದ್ರ ತಟ್ಟಿ ಅಂಚಿನ ಸುತ್ತ ಕಾಡಗಿ ಹಚ್ಚಿದಂಗ ಕರಿ ಉಂಗುರ. "ಇದನ್ನ ಒರಸಿ ನೋಡ್ರಿ" ಅಂದ್ವಿ. "ಒರಸಿದ್ರ ಉಪಯೋಗಿಲ್ಲ ಮೇಡಂ" ಅಂದ. ಉಪಯೋಗ ಅದನೋ ಇಲ್ಲೋ ಒರಸದ ಹೆಂಗ ಗೊತ್ತಾಗ್ತದ ಹೇಳ್ರಿ?

ಅಲ್ಲಿಂದ ಇನ್ನೊಬ್ಬ ವಯಸ್ಸಾದ ಮೇಸ್ತ್ರಿ ಹತ್ರ ಹೋದ್ವಿ. ಅವರು ನಮ್ಮ ಮುಂದ ಬಿಚ್ಚಿ, ಸ್ಪ್ರೇ ಹೊಡದು, ಒರಸಿ, ಕೂಡಿಸಿದ್ರು. ಒಂದು ತಾಸಿನ ಕೆಲಸ, 700 ರೂಪಾಯಿ. ಈಗ ಎಂಟು ತಿಂಗಳಾತು. ವೈನಿ ಅತ್ತಿಯವರನ್ನ ತಾವ ಕರಕೊಂಡು ಹೋಗ್ತಾರ. ಉಳದದ್ದು ಹದಿಮೂರು ಸಾವಿರ ಚಿಲ್ಲರ ರೂಪಾಯಿ ಅಂತ ಅವರ ಯಜಮಾನ್ರು ಲೆಕ್ಕಾ ಹಾಕ್ತಾರ. ನಾ ಅಂತೀನಿ, ರೊಕ್ಕದ ಲೆಕ್ಕಾ ಆಮ್ಯಾಲೆ. ಹನ್ನೆರಡು ವರ್ಷದ ಧೈರ್ಯಾ ಒಂದು ಮಸಿ ಉಂಗುರದ ಸಲವಾಗಿ ಹೋಗಿತ್ತು, ಅದು ವಾಪಸ್ ಬಂತು.

ಒರಸಿ ನೋಡೋದು ಬರೇ ರಿಪೇರಿ ಅಲ್ಲ, ಅದ ಒಂದು ಪರೀಕ್ಷಾ ಸುದ್ದಾ. ಒರಸಿದ ಮ್ಯಾಲೆ ಐಡಲ್ ಸರಿ ಆತು ಅಂದ್ರ ರೋಗ ಅಲ್ಲೇ ಇತ್ತು. ಆಗಲಿಲ್ಲ ಅಂದ್ರ ಕೆಲವು ನೂರು ರೂಪಾಯಿ ಹೋತು, ಒಂದು ಸಂಶೇ ಕಳೀತು, ಮುಂದಿನದು ಹುಡುಕ್ರಿ. ಪಾರ್ಟ್ ಬದಲಿ ಮಾಡಿ ನೋಡೋದೂ ಪರೀಕ್ಷಾನ, ಆದರ ಅದರ ಫೀಸು ಸಾವಿರಗಟ್ಟಲೆ. ಮ್ಯಾಲೆ ಹಾಕಿದ ಪಾರ್ಟ್ ಯಾರೂ ವಾಪಸ್ ತಗೊಳ್ಳಂಗಿಲ್ಲ. ಕಂದೀಲು ಮಂದ ಆತು ಅಂದ್ರ ನಮ್ಮಜ್ಜಿ ಮೊದಲ ಗಾಜು ಒರಸ್ತಿದ್ಲು, ಆಮ್ಯಾಲೆ ಬತ್ತಿ ಕತ್ತರಸ್ತಿದ್ಲು. ಹೊಸಾ ಕಂದೀಲು ತರ್ಲಿಕ್ಕೆ ಪ್ಯಾಟಿಗೆ ಹೋಗ್ತಿದ್ದಿಲ್ಲ.

ಒರಸೋ ಕೆಲಸದಾಗ ಏನೇನು ಆಗಬೇಕು, ಏನು ಆಗಬಾರದು ಅನ್ನೋದು ನಿಮಗ ಗೊತ್ತಿದ್ರ ಮೇಸ್ತ್ರಿ ಮುಂದ ನಿಂತು ನೋಡ್ಲಿಕ್ಕೆ ಬರ್ತದ. ಇಂಜಿನ್ ಥಂಡಾಗಿರಬೇಕು, ಕೀಲಿ ತಗದಿರಬೇಕು. ಥ್ರಾಟಲ್ ಬಾಡಿಗಂತನ ಸ್ಪ್ರೇ ಡಬ್ಬಿ ಬರ್ತದ, ಅದನ್ನ ಹೊಡೀಬೇಕು. ಅದು ಬೆಂಕಿಗೆ ಭಪ್ಪನ ಹತ್ತೋ ಪದಾರ್ಥ, ಹಿಂಗಾಗಿ ಬಯಲಿನ್ಯಾಗ ಕೆಲಸ, ಹತ್ರ ಬೀಡಿ-ಸಿಗರೇಟ್ ಇರಬಾರದು. ಸ್ಪ್ರೇ ಸುರುವಿ ತೋಯಿಸೋದಕಿಂತ ಮೆತ್ತನ ಅರಿವಿಗೆ ಹೊಡದು ಒರಸೋದು ಛಲೋ. ಮೂಲಿಗೆ ಹಳೇ ಹಲ್ಲುಜ್ಜೋ ಬ್ರಶ್ ಸಾಕು. ತಟ್ಟಿದು ಮುಂದಿನ ಮಗ್ಗಲಾ ಅಷ್ಟ ಅಲ್ಲ, ಅಂಚು, ಹಿಂದಿನ ಮಗ್ಗಲಾ, ಅದು ಕೂಡೋ ಕಂಠದ ಗ್ವಾಡಿ, ಎಲ್ಲಾ ಒರಸಬೇಕು. ಮಸಿ ಕೂಡೋದ ಅಲ್ಲೆ.

ಸ್ಕ್ರೂ ಡ್ರೈವರಿನಿಂದ ಕೆರಿಯೋದು, ತಂತಿ ಬ್ರಶ್ಶಿನಿಂದ ತಿಕ್ಕೋದು, ಮರಳು ಕಾಗದ ಹಚ್ಚೋದು ಕಂಡ್ರ "ನಿಲ್ಲಸ್ರಿ" ಅನ್ರಿ. ಕೆಲವು ಗಾಡಿ ತಟ್ಟಿ ಅಂಚಿಗೆ ಕಂಪನಿಯವರ ಒಂದು ತೆಳು ಲೇಪ ಹಚ್ಚಿರ್ತಾರ, ಅದು ಎದ್ದು ಹೋದ್ರ ನಾನ್‌ಸ್ಟಿಕ್ ತವಾಕ್ಕ ತಂತಿ ಜುಂಗು ಹಚ್ಚಿ ತಿಕ್ಕಿದಂಗ ಆಗ್ತದ. ಮೋಟರ್ ಇರೋ ಹೊಸಾ ಥ್ರಾಟಲ್ಲಿನ ತಟ್ಟಿನ ಬಟ್ಟಲೆ ಜುಲುಮಿ ಮಾಡಿ ನೂಕಬಾರದು, ಒಳಗಿನ ಸಣ್ಣ ಹಲ್ಲಿನ ಚಕ್ರ ಹಾಳಾಗ್ತಾವ. ಕೀಲಿ ಚಾಲೂ ಇದ್ದಾಗಂತೂ ಬಟ್ಟು ಹಾಕಬಾರದು, ತಟ್ಟಿ ಧಪ್ಪನ ಮುಚ್ಚಿದ್ರ ಬಟ್ಟು ಸಿಗತದ. ಇನ್ನ ತಟ್ಟಿ ಪಕ್ಕದಾಗ ಒಂದು ಸಣ್ಣ ಸ್ಕ್ರೂ ಇರ್ತದ. ಅದನ್ನ ತಿರುಗಿಸಿ "ಐಡಲ್ ಏರಿಸಿ ಕೊಟ್ಟೀನಿ" ಅಂದ್ರ ಅದು ರಿಪೇರಿ ಅಲ್ಲ, ಜ್ವರ ಬಂದಾಗ ಥರ್ಮಾಮೀಟರ್ ಬದಲಿ ಮಾಡಿದಂಗ. ಕಾರ್ಬ್ಯುರೇಟರ್ ಕಾಲದಾಗ ಅಪ್ಪನೂ ಸ್ಕ್ರೂ ತಿರಗಸ್ತಿದ್ದ, ಖರೇ. ಆದರ ಈಗ ಐಡಲ್ ನೋಡಿಕೊಳ್ಳೋದು ಕಂಪ್ಯೂಟರ್. ಕಂಪನಿಯೊಳಗ ಕೂಡಿಸಿದ ಸ್ಕ್ರೂ ಅಲುಗಿಸಿದ್ರ ಅದರ ಲೆಕ್ಕಾನ ತಪ್ಪತದ.

ಕೇಬಲ್ ಇರೋ ಹಳೇ ಗಾಡಿಯೊಳಗ ಪಕ್ಕದ ಸಣ್ಣ ದಾರಿ ಕಾಯ್ಲಿಕ್ಕೆ ಒಂದು ವಾಲ್ವ್ ಇರ್ತದ, ಅದಕ್ಕ ಐಡಲ್ ವಾಲ್ವ್ ಅಂತಾರ. ತಟ್ಟಿ ಎಷ್ಟ ಲಕಲಕ ಹೊಳದ್ರೂ ಈ ವಾಲ್ವಿನ್ಯಾಗ ಮಸಿ ಇದ್ರ ಗಾಡಿ ಬಂದ್ ಬೀಳೋದ. "ವಾಲ್ವೂ ಒರಸೀರೇನು?" ಅಂತ ಕೇಳ್ರಿ.

ಒರಸಿದ ಮ್ಯಾಲೆ ಒಂದು ತಮಾಷಿ ಆಗ್ತದ, ಹೆದರಬ್ಯಾಡ್ರಿ. ಇಷ್ಟು ದಿವಸ ಕಂಪ್ಯೂಟರ್ ಹೊಲಸಿಗೆ ಹೊಂದಿಕೊಂಡು ಬಾಗಲಾ ಹೆಚ್ಚಿಗೆ ತಗದಿಟ್ಟಿರ್ತದ. ಈಗ ಸ್ವಚ್ಛ ಆತು, ಗಾಳಿ ಹೆಚ್ಚಿಗೆ ನುಗ್ಗತದ, ಐಡಲ್ ಸಾವಿರದ ಮ್ಯಾಲೆ ಏರಿ ಕೂಡಬಹುದು. ಕೆಲವು ಗಾಡಿ ಒಂದೆರಡು ದಿವಸ ಓಡಿದ ಮ್ಯಾಲೆ ತಾನ ಕಲೀತಾವ. ಕೆಲವಕ್ಕ ಮಷಿನ್ ಹಚ್ಚಿ ಹೊಸಾದಾಗಿ ಕಲಸಬೇಕು. ಯಾವುದಕ್ಕ ಹೆಂಗ ಅನ್ನೋದು ಗಾಡಿ ಮ್ಯಾಲೆ ಅದ. "ಐಡಲ್ ಕಲಸೋ ಕೆಲಸ ಮಾಡೀರೇನು?" ಅನ್ನೋದು ಎರಡನೇ ಪ್ರಶ್ನಾ.

ಇದರದ ಉಲ್ಟಾ ಕಥಿನೂ ಅದ. ಬ್ಯಾಟರಿ ಬದಲಿ ಮಾಡಿದ ಮರುದಿವಸದಿಂದ ಗಾಡಿ ಬಂದ್ ಬೀಳ್ತದ, ಮಂದಿ ಹೊಸಾ ಬ್ಯಾಟರಿಗೆ ಬೈತಾರ. ಬ್ಯಾಟರಿ ತಗದಾಗ ಭಾಳ ಗಾಡಿಗಳ ಕಂಪ್ಯೂಟರ್ ಹಳೇ ಹೊಂದಾಣಿಕಿ ಮರತಬಿಡ್ತದ. ಥ್ರಾಟಲ್ ಸ್ವಚ್ಛ ಇದ್ರ ನಡದು ಹೋಗ್ತದ, ಮಸಿ ಇದ್ರ ಉಸಿರು ಸಾಲಂಗಿಲ್ಲ. ಅಲ್ಲಿ ಬ್ಯಾಟರಿದು ಏನೂ ತಪ್ಪಿರಂಗಿಲ್ಲ, ಮೊದಲಿದ್ದ ಮಸಿ ಬೆಳಕಿಗೆ ಬಂದಿರ್ತದ ಅಷ್ಟ.

ಹಂಗಂತ ಎಲ್ಲಾ ರೋಗಕ್ಕೂ ಥ್ರಾಟಲ್ ಒರಸೋದ ಮದ್ದು ಅಂತ ನಾ ಹೇಳಂಗಿಲ್ಲ. ಗಾಡಿ ಎಂಬತ್ತರ ಸ್ಪೀಡಿನ್ಯಾಗ ಓಡೋವಾಗ ಒಮ್ಮಿಂದೊಮ್ಮೆಲೆ ಬಂದ್ ಬಿದ್ರ ಅದು ಮಸಿ ಕೆಲಸ ಅಲ್ಲ. ಪೆಟ್ರೋಲ್ ಪಂಪೋ, ಇಂಜಿನ್ ತಿರುಗೋದನ್ನ ಎಣಸೋ ಸೆನ್ಸರೋ, ವೈರಿಂಗೋ ನೋಡಬೇಕು, ಅದೂ ಜಲ್ದಿ. ನಿಂತಲ್ಲೂ ಓಡೋ ಮುಂದನೂ ಒಂದ ತಾಳದಾಗ ಕುಕ್ಕಿ ಕುಕ್ಕಿ ನಡಗಿದ್ರ ಪ್ಲಗ್ ಇಲ್ಲಾ ಕಾಯಿಲ್. ಐಡಲ್ ಬೀಳೋ ಬದಲಿ ಏರಿ ಇಳಿದು ಉಯ್ಯಾಲಿ ಆಡಿದ್ರ, ಸುಂಯ್ ಅಂತ ಸಪ್ಪಳ ಬಂದ್ರ, ಎಲ್ಲೋ ಕೊಳವಿ ಸೀಳಿ ಕಳ್ಳ ಗಾಳಿ ಹೋಗ್ಲಿಕ್ಕೆ ಹತ್ತೇದ. ಸರ್ವಿಸ್ ಮಾಡಿಸಿಕೊಂಡು ಬಂದ ಮರುದಿವಸದಿಂದ ಶುರು ಆಗಿದ್ರ ಫಿಲ್ಟರಿನ ಮುಚ್ಚಳಾ, ಕೊಳವಿ ಪಟ್ಟಿ ಬಿಗಿ ಅವನೋ ಇಲ್ಲೋ ನೋಡ್ರಿ. ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದ್ರ ಮಷಿನ್ ಹಚ್ಚಿ ಕೋಡ್ ಓದಸ್ರಿ. ಪಿ0506 ಅಂದ್ರ ಐಡಲ್ ಇರಬೇಕಾದ್ದಕಿಂತ ಕೆಳಗ ಅದ, ಪಿ0507 ಅಂದ್ರ ಮ್ಯಾಲೆ ಅದ ಅಂತ ಅರ್ಥ. ನೆನಪಿರ್ಲಿ, ಕೋಡ್ ಹೇಳೋದು ತ್ರಾಸ ಏನು ಅಂತ, ಯಾವ ಪಾರ್ಟ್ ತಗದು ಒಗೀಬೇಕು ಅಂತ ಅಲ್ಲ. ಇನ್ನ ಡೀಸೆಲ್ ಗಾಡಿ ಲೆಕ್ಕಾನ ಬ್ಯಾರೆ. ಅದರ ಐಡಲ್ ನಡಿಯೋದು ಡೀಸೆಲ್ ಎಷ್ಟು ಸಿಂಪಡಸ್ತಾರ ಅನ್ನೋದರ ಮ್ಯಾಲೆ. ಅದಕ್ಕ ಈ ನನ್ನ ಮಾತು ಹಚ್ಚಬ್ಯಾಡ್ರಿ.

ಇನ್ನೊಂದು ಕಡೆ ಮಾತೂ ಹೇಳಬೇಕು. ಈಗ ಕೆಲವು ಕಡೆ ಪ್ರತಿ ಸರ್ವಿಸ್ ಬಿಲ್ಲಿನ್ಯಾಗೂ ಥ್ರಾಟಲ್ ಕ್ಲೀನಿಂಗ್ ಅಂತ ಒಂದು ಸಾಲು ತಾನ ಬಂದು ಕೂತಿರ್ತದ, ಗಾಡಿ ಏನೂ ತ್ರಾಸ ಕೊಡದಿದ್ರೂ. ಅದೂ ತಪ್ಪ. ಹೊಸಾ ಗಾಡಿಗೆ, ಐಡಲ್ ಗಟ್ಟಿ ಇದ್ದ ಗಾಡಿಗೆ, ಆರು ತಿಂಗಳಿಗೊಮ್ಮೆ ಯಾಕ ಬೇಕು? ನೆಗಡಿ ಇಲ್ಲದ ಮೂಗಿಗೆ ದಿನಾ ಔಷಧ ಹಾಕ್ತೀವೇನು? ಅಲ್ಲಿನೂ ನಿಯಮ ಒಂದ: ಮೊದಲ ನೋಡ್ರಿ. ಬಿಚ್ಚಿ ತೋರಿಸಿದ ಮ್ಯಾಲೆ ಮಸಿ ಇದ್ರ ಒರಸ್ರಿ, ಇಲ್ಲದಿದ್ರ ಆ ಸಾಲು ಹೊಡದು ಹಾಕಸ್ರಿ. ಏರ್ ಫಿಲ್ಟರ್ ಮಾತ್ರ ವೇಳ್ಯಾಕ್ಕ ಸರಿ ಬದಲಿ ಮಾಡ್ರಿ. ಧೂಳಿನ ಊರಿನ್ಯಾಗ ಅದರಾಗ ಕಂಜೂಸತನ ಬ್ಯಾಡ.

ಮೇಸ್ತ್ರಿಗಳೆಲ್ಲಾ ಮೋಸಗಾರರು ಅಂತ ನಾ ಅನ್ನಂಗಿಲ್ಲ. ಗ್ಯಾರೇಜ್ ಮನ್ಯಾಗ ಬೆಳದಾಕಿ, ಅನ್ನಲಿಕ್ಕೂ ಬಾಯಿ ಬರಂಗಿಲ್ಲ. ಒರಸಿ ಕೊಟ್ಟ ಗಾಡಿ ವಾಪಸ್ ಬಂದ್ರ ಗಿರಾಕಿ ಬೈತಾರ, ಹೊಸಾ ಪಾರ್ಟಿಗೆ ವಾರಂಟಿ ಇರ್ತದ, ಅದು ಅವರಿಗೂ ಧೈರ್ಯಾ. ಮ್ಯಾಲೆ ನಾವೂ ಒಂದು ತಾಸು ಕೆಲಸಕ್ಕ ಐನೂರು ಕೇಳಿದ್ರ ಚೌಕಾಶಿ ಮಾಡ್ತೀವಿ, ಹದಿನಾಲ್ಕು ಸಾವಿರದ ಪಾರ್ಟಿಗೆ ಸುಮ್ನ ಕಾರ್ಡ್ ಕೊಡ್ತೀವಿ. ಕೈ ಕೆಲಸಕ್ಕ ಬೆಲೆ ಕೊಡದ ಊರಿನ್ಯಾಗ ಒರಸೋರು ಎಲ್ಲಿಂದ ಉಳೀತಾರ? ಹಿಂಗಾಗಿ ಒರಸಿ ಸರಿ ಮಾಡಿಕೊಟ್ಟ ಮೇಸ್ತ್ರಿಗೆ ಅವರು ಕೇಳಿದಷ್ಟು ಕೊಡ್ರಿ, ಇನ್ನ ನಾಲ್ಕು ಮಂದಿನ್ನ ಕಳಸ್ರಿ.

"ಸಾಹೇಬರಿಗೆ ಫೋನ್ ಹಚ್ಚಿ ಕೊಡ್ರಿ" ಅನ್ನೋರಿಗೆ ಮಾತ್ರ ನನ್ನ ಉತ್ತರ ತಯಾರ ಅದ. ಸಾಹೇಬರು ಆಫೀಸಿನ್ಯಾಗ ಇದ್ದಾರ. ಗಾಡಿ ನಡಗಿದ್ದು ನನ್ನ ಕೈಯಾಗ, ಮುಳ್ಳು ಬಿದ್ದದ್ದು ನನ್ನ ಕಣ್ಣಮುಂದ. ಸಾಕ್ಷಿ ನಾನಿದ್ದಾಗ ಇನ್ನೊಬ್ಬರನ್ನ ಕೇಳಿದ್ರ ರೋಗ ಹೆಂಗ ತಿಳೀತದ?

ಎಲ್ಲಾಕಿಂತ ಮುಖ್ಯ ಮಾತು. ಗಾಡಿ ನಡು ರಸ್ತೆದಾಗ ಬಂದ್ ಬಿದ್ರ ಏನು ಮಾಡಬೇಕು? ಇಂಜಿನ್ ಬಂದ್ ಆದ ಕೂಡ್ಲೆ ಸ್ಟೇರಿಂಗ್ ಕಲ್ಲಿನಂಗ ಭಾರ ಆಗಬಹುದು, ಆದರ ತಿರುಗತದ, ಎರಡೂ ಕೈ ಹಾಕಿ ಜಗ್ಗರಿ. ಬ್ರೇಕ್ ಒಂದೆರಡು ಸಲ ಮೆತ್ತಗ ಹತ್ತತದ, ಆಮ್ಯಾಲೆ ಬಿರುಸಾಗ್ತದ. ಹಿಂಗಾಗಿ ಒತ್ತಿ ಒತ್ತಿ ಬಿಡಬ್ಯಾಡ್ರಿ, ಒಂದ ಸಲ ಗಟ್ಟಿ ಒತ್ತಿ ಹಿಡೀರಿ. ಗಾಡಿ ಓಡ್ಲಿಕ್ಕೆ ಹತ್ತಿದಾಗ ಕೀಲಿ ಜಗ್ಗಿ ತಗೀಬ್ಯಾಡ್ರಿ, ಸ್ಟೇರಿಂಗ್ ಲಾಕ್ ಬೀಳ್ತದ. ನಾಲ್ಕೂ ದೀಪ ಮಿಣಕಸೋ ಬಟನ್ ಒತ್ತಿ, ಎಡಕ್ಕ ಸರದು, ನ್ಯೂಟ್ರಲ್ ಹಾಕಿ, ಎ.ಸಿ. ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ. ಹಾರ್ನ್ ಹೊಡಿಯೋರು ಹೊಡಕೋತ ಇರ್ಲಿ. "ನಾಳೆ ತೋರಿಸಿದ್ರಾತು" ಅಂತ ದೂಡಬ್ಯಾಡ್ರಿ. ನವಲೂರ ಸೇತುವಿ ಏರಿನ್ಯಾಗ, ಹಿಂದ ಲಾರಿ ಇದ್ದಾಗ ಬಂದ್ ಬಿದ್ರ ಅದು ರೊಕ್ಕದ ಮಾತಾಗಿ ಉಳ್ಯಂಗಿಲ್ಲ, ಜೀವದ ಮಾತಾಗ್ತದ.

ಈಗ ಮಾಡಬೇಕಾದ್ದು ಸಣ್ಣ ಕೆಲಸ. ನಾವೆಲ್ಲಾ ಗ್ವಾಡಿ ಕ್ಯಾಲೆಂಡರ್ ಮ್ಯಾಲೆ ಸಿಲಿಂಡರ್ ಹಚ್ಚಿದ ತಾರೀಖು, ಹಾಲಿನ ಲೆಕ್ಕಾ ಬರೀತೀವಲ್ಲ, ಅದರ ಪಕ್ಕದಾಗ ಗಾಡಿದೂ ಬರೀರಿ. ಯಾವತ್ತು ಬಂದ್ ಬಿತ್ತು, ಥಂಡಿತ್ತೋ ಬಿಸಿ ಇತ್ತೋ, ಎ.ಸಿ. ಹತ್ತಿತ್ತೋ ಇಲ್ಲೋ, ಕ್ಲಚ್ ಒತ್ತಿತ್ತೋ ಬಿಟ್ಟಿತ್ತೋ, ಮುಳ್ಳು ಎಷ್ಟಕ್ಕಿತ್ತು. ನಾಲ್ಕು ಸಲ ಬರದ್ರ ಸಾಕು, ಆ ಹಾಳಿ ಫೋಟೋ ತಗೊಂಡು ಗ್ಯಾರೇಜಿಗೆ ಹೋಗ್ರಿ. ಬರದದ್ದನ್ನ ಮುಂದ ಹಿಡದ ಹೆಣ್ಮಗಳಿಗೆ "ಕ್ಲಚ್ ಬರಂಗಿಲ್ಲ" ಅನ್ಲಿಕ್ಕೆ ಯಾವ ಮೇಸ್ತ್ರಿಗೂ, ಯಾವ ಯಜಮಾನ್ರಿಗೂ ಬಾಯಿ ಬರಂಗಿಲ್ಲ.